ಪ್ರೋಟಾನ್ ಮೇಲ್, ವಿಪಿಎನ್, ಸಿಗ್ನಲ್: ಯಾವುದು ಯಾರಿಂದ ಕಾಪಾಡುತ್ತದೆ?

2025ರಲ್ಲಿ ಒಂದರ ಹಿಂದೆ ಒಂದು ಬಂದ ಸುದ್ದಿಗಳು ಇಂಟರ್‌ನೆಟ್ ಬಳಸುವ ಎಲ್ಲರನ್ನೂ ಗೊಂದಲಕ್ಕೆ ತಳ್ಳಿವೆ. ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್, ಪ್ರೋಟಾನ್ ಮೇಲ್ ಸೇವೆಯನ್ನು ಬ್ಲಾಕ್ ಮಾಡುವ ಪ್ರಕ್ರಿಯೆ ಶುರು ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಸೆಪ್ಟೆಂಬರ್ 24ರಂದು ಅದೇ ಹೈಕೋರ್ಟ್, ಪೋಸ್ಟ್ ತೆಗೆಸಲು ಸರ್ಕಾರ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹಾಕಿದ್ದ ಅರ್ಜಿಯನ್ನು ವಜಾ ಮಾಡಿತು. ನವೆಂಬರ್‌ನಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ನಿಯಮಗಳು ಬಂದವು. ಅದೇ ತಿಂಗಳ ಕೊನೆಗೆ, ಸಿಮ್ ಇಲ್ಲದ ಫೋನಿನಲ್ಲಿ ವಾಟ್ಸ್‌ಆಪ್ ನಡೆಯಬಾರದು ಎಂಬ ಆದೇಶ ಬಂತು.

ಇವನ್ನೆಲ್ಲ ಒಟ್ಟಿಗೆ ಓದಿದವರಿಗೆ ಸಹಜವಾಗಿ ಕೆಲವು ಪ್ರಶ್ನೆಗಳು ಏಳುತ್ತವೆ. ವಿಪಿಎನ್ (ನಿಮ್ಮ ಇಂಟರ್‌ನೆಟ್ ಓಡಾಟವನ್ನು ಇನ್ನೊಂದು ಕಂಪನಿಯ ಸರ್ವರ್ ಮೂಲಕ ಮರೆಮಾಡಿ ಕಳಿಸುವ ಸೇವೆ) ಹಾಕಿಕೊಂಡರೆ ಅಪರಾಧವಾ? ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್ ಬಳಸುವವರ ಮೇಲೆ ಪೊಲೀಸರ ಕಣ್ಣು ಬೀಳುತ್ತದಾ? ಹಾಗಾದರೆ ಖಾಸಗಿತನಕ್ಕೆ ಯಾವ ಸಾಧನ ಬಳಸಬೇಕು, ಯಾವ ಸುದ್ದಿ ನಂಬಬೇಕು?

ಉತ್ತರ ಹುಡುಕುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಎಲ್ಲರಿಂದಲೂ ಕಾಪಾಡುವ ಸಾಧನ ಅಂತ ಯಾವುದೂ ಇಲ್ಲ. ಒಂದೊಂದು ಸಾಧನ ಒಂದೊಂದು ಬಗೆಯ ಇಣುಕುನೋಟವನ್ನು ಮಾತ್ರ ತಡೆಯುತ್ತದೆ. ಯಾರಿಂದ ಮುಚ್ಚಿಡಬೇಕು ಎಂದು ತೀರ್ಮಾನಿಸದೆ ಆ್ಯಪ್ ಇಳಿಸಿಕೊಂಡರೆ ಸುಮ್ನೆ ಧೈರ್ಯ ಬರುತ್ತದೆ, ರಕ್ಷಣೆ ಬರುವುದಿಲ್ಲ. ಈ ತಪ್ಪು ತಿಳಿವಳಿಕೆ ಬಳಕೆದಾರರಲ್ಲಿ ಎಷ್ಟಿದೆಯೋ, ಈ ಸಾಧನಗಳಿಗೆ ಕಡಿವಾಣ ಹಾಕಲು ಹೊರಟವರಲ್ಲೂ ಅಷ್ಟೇ ಇದೆ.

ಪ್ರೋಟಾನ್ ಮೇಲ್ ಕೇಸಿನಲ್ಲಿ ಆಗಿದ್ದೇನು?

ಪ್ರೋಟಾನ್ ಸ್ವಿಟ್ಜರ್ಲೆಂಡಿನ ಕಂಪನಿ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಶುರು ಮಾಡಿದ ಇಮೇಲ್ ಸೇವೆ ಇದು. ನಿಮ್ಮ ಡಬ್ಬಿಯಲ್ಲಿರುವ ಮೇಲ್‌ಗಳನ್ನು ಕಂಪನಿಯೇ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ ಇಡುವುದು ಇದರ ವಿಶೇಷ.

ವಿನ್ಯಾಸ ಸಂಸ್ಥೆಯೊಂದರ ಉದ್ಯೋಗಿಗಳಿಗೆ ಪ್ರೋಟಾನ್ ಖಾತೆಯಿಂದ ಅಶ್ಲೀಲ ಮೇಲ್‌ಗಳು ಬಂದವು. ಮಹಿಳಾ ಉದ್ಯೋಗಿಗಳನ್ನು ಗುರಿ ಮಾಡಿ, ಎಐ ಬಳಸಿ ತಿರುಚಿದ ಚಿತ್ರಗಳನ್ನೂ ಕಳಿಸಲಾಗಿತ್ತು ಎಂಬುದು ದೂರು. ಕಳಿಸಿದವರು ಯಾರೆಂದು ತಿಳಿಯಲಿಲ್ಲ. ಸಂಸ್ಥೆ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಮತ್ತು 2009ರ ಬ್ಲಾಕಿಂಗ್ ನಿಯಮಗಳ 10ನೇ ನಿಯಮದಡಿ ಕ್ರಮ ಶುರು ಮಾಡುವಂತೆ ಕೇಂದ್ರಕ್ಕೆ ಸೂಚಿಸಿತು. ಅದು ಮುಗಿಯುವವರೆಗೆ ಆಕ್ಷೇಪಾರ್ಹ ಯುಆರ್‌ಎಲ್‌ಗಳನ್ನು ತಕ್ಷಣ ತಡೆಯಿರಿ ಎಂದೂ ಹೇಳಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೋರ್ಟ್ ತಾನೇ ಸೇವೆಯನ್ನು ನಿಲ್ಲಿಸಲಿಲ್ಲ. ಕಾನೂನಿನಲ್ಲಿರುವ ಪ್ರಕ್ರಿಯೆಗೆ ಚಾಲನೆ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. ಪ್ರೋಟಾನ್ ಖಾತೆ ಇಟ್ಟುಕೊಂಡವರು ತಪ್ಪಿತಸ್ಥರು ಎಂದು ಆದೇಶ ಎಲ್ಲೂ ಹೇಳುವುದಿಲ್ಲ.

ಬ್ಲಾಕ್ ಮಾಡುವ ಮಾತು ಕೇಳಿಬಂದದ್ದು ಇದೇ ಮೊದಲಲ್ಲ. 2024ರ ಫೆಬ್ರವರಿಯಲ್ಲಿ ಚೆನ್ನೈನ ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆ ಪ್ರೋಟಾನ್ ಮೂಲಕವೇ ಬಂದಿತ್ತು. ಆಗಲೂ ತಮಿಳುನಾಡು ಪೊಲೀಸರ ಕೋರಿಕೆಯ ಮೇಲೆ ಬ್ಲಾಕ್ ಪ್ರಸ್ತಾಪ ಕೇಂದ್ರದ ತನಕ ಹೋಗಿತ್ತು.

ಪೊಲೀಸರ ಕಷ್ಟ ಸುಳ್ಳಲ್ಲ

ಖಾಸಗಿತನದ ಪರ ಮಾತಾಡುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಅದು ಸರಿಯಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬಾಂಬ್ ಬೆದರಿಕೆಯ ಮೇಲ್ ಬಂತು. ಮಕ್ಕಳನ್ನು ಹೊರಗೆ ಕಳಿಸಿ, ತಂದೆತಾಯಿಗಳು ಗಾಬರಿಯಿಂದ ಓಡಿ ಬಂದು, ಬಾಂಬ್ ಪತ್ತೆ ದಳ ಊರೆಲ್ಲ ಅಲೆದದ್ದು ಬೆಂಗಳೂರಿಗರಿಗೆ ನೆನಪಿದೆ. ಇಂಥ ಮೇಲ್ ಬಂದಾಗ ಠಾಣೆಯ ಅಧಿಕಾರಿಗೆ ಬೇಕಾದದ್ದು ಒಂದೇ: ಕಳಿಸಿದವನ ಗುರುತು. ಅದೂ ಗಂಟೆಗಳೊಳಗೆ.

ಪ್ರೋಟಾನ್‌ಗೆ ನೇರವಾಗಿ ಬರೆದರೆ ಉತ್ತರ ಸಿಗುವುದಿಲ್ಲ. ಅದು ಕಂಪನಿಯ ಹಟ ಮಾತ್ರವಲ್ಲ. ಸ್ವಿಟ್ಜರ್ಲೆಂಡಿನ ಕಂಪನಿ ವಿದೇಶಿ ಪೊಲೀಸರಿಗೆ ನೇರವಾಗಿ ಮಾಹಿತಿ ಕೊಟ್ಟರೆ ಅಲ್ಲಿನ ದಂಡ ಸಂಹಿತೆಯ 271ನೇ ವಿಧಿಯ ಪ್ರಕಾರ ಅದೇ ಅಪರಾಧ. ಭಾರತದ ಕೋರಿಕೆ ಸರ್ಕಾರದಿಂದ ಸರ್ಕಾರಕ್ಕೆ, ಕಾನೂನು ನೆರವಿನ ದಾರಿಯಲ್ಲಿ ಹೋಗಬೇಕು. ಸ್ವಿಸ್ ಅಧಿಕಾರಿಗಳು ಒಪ್ಪಿ ಆದೇಶ ಕೊಟ್ಟರೆ ಕಂಪನಿ ತನ್ನ ಬಳಿ ಇರುವುದನ್ನು ಕೊಡುತ್ತದೆ. ಈ ದಾರಿ ನಿಧಾನ. ಅಶ್ಲೀಲ ಮೇಲ್ ಬಂದ ಹೆಣ್ಣುಮಗಳಿಗೆ "ಕಾಗದಪತ್ರ ಸ್ವಿಟ್ಜರ್ಲೆಂಡಿಗೆ ಹೋಗಿದೆ, ಕಾಯಿರಿ" ಎಂದರೆ ಅದು ನ್ಯಾಯದಂತೆ ಕಾಣುವುದಿಲ್ಲ.

ಆದರೆ ದಾರಿ ನಿಧಾನ ಎಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎಂದಲ್ಲ. 2021ರಲ್ಲಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು (ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಪ್ರೋಟಾನ್ ದಾಖಲಿಸಿ ಕೊಟ್ಟಿತು. 2024ರಲ್ಲಿ ಸ್ಪೇನ್‌ನ ತನಿಖೆಯೊಂದರಲ್ಲಿ, ಬಳಕೆದಾರರು ಖಾತೆ ಮರಳಿ ಪಡೆಯಲು ಕೊಟ್ಟಿದ್ದ ಇನ್ನೊಂದು ಇಮೇಲ್ ವಿಳಾಸವನ್ನು ಕೊಟ್ಟಿತು. ಪೊಲೀಸರು ಆ ವಿಳಾಸ ಹಿಡಿದು ಮುಂದೆ ಹೋದರು.

ಈ ಎರಡು ಪ್ರಕರಣಗಳಿಂದ ಎರಡೂ ಕಡೆಯವರು ಕಲಿಯುವುದಿದೆ. ಪ್ರೋಟಾನ್ ಹಾಕಿಕೊಂಡರೆ ಯಾರೂ ಹಿಡಿಯಲಾರರು ಎಂದುಕೊಂಡವರ ಲೆಕ್ಕ ತಪ್ಪು. ಪ್ರೋಟಾನ್‌ನಿಂದ ಏನೂ ಸಿಗುವುದಿಲ್ಲ, ಆದ್ದರಿಂದ ಮುಚ್ಚಿಬಿಡಿ ಎನ್ನುವವರ ಲೆಕ್ಕವೂ ತಪ್ಪು. ಮೇಲ್‌ನ ಒಳಗಿನ ಬರಹ ಸಿಗುವುದಿಲ್ಲ, ನಿಜ. ವಿಷಯದ ಸಾಲು, ಯಾರಿಂದ ಯಾರಿಗೆ ಹೋಯಿತು ಎಂಬ ವಿವರ ಅದೇ ಮಟ್ಟದಲ್ಲಿ ಮುಚ್ಚಿರುವುದಿಲ್ಲ. ನೀವು ಪ್ರೋಟಾನ್‌ನಿಂದ ಜಿಮೇಲ್‌ಗೆ ಸಾಮಾನ್ಯ ಮೇಲ್ ಕಳಿಸಿದರೆ ಆ ಕಡೆಯ ಪ್ರತಿ ಗೂಗಲ್ ಬಳಿ ಇದ್ದೇ ಇರುತ್ತದೆ.

ಇಡೀ ಸೇವೆ ಮುಚ್ಚಿದರೆ ಯಾರಿಗೆ ಪೆಟ್ಟು?

ಕೆಲವು ಖಾತೆಗಳ ದುರ್ಬಳಕೆಗೆ ಇಡೀ ಸೇವೆಯನ್ನೇ ನಿಲ್ಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಬೆದರಿಕೆ ಹಾಕುವವನಿಗೆ ಬೇರೆ ಮೇಲ್ ಸೇವೆಗಳು ಸಾಲುಗಟ್ಟಿ ನಿಂತಿವೆ. ಬೆಂಗಳೂರಿನ ಶಾಲೆಗಳಿಗೆ ಬಂದ ಬೆದರಿಕೆ ಪ್ರೋಟಾನ್‌ನಿಂದ ಬಂದದ್ದೂ ಅಲ್ಲ.

2023ರ ಮೇನಲ್ಲಿ ಕೇಂದ್ರ ಸರ್ಕಾರ 14 ಮೆಸೇಜಿಂಗ್ ಆ್ಯಪ್‌ಗಳನ್ನು ತಡೆಯಿತು. ಜಮ್ಮು-ಕಾಶ್ಮೀರದಲ್ಲಿ ಉಗ್ರರು ಬಳಸುತ್ತಾರೆ ಎಂಬುದು ಕಾರಣ. ಆ ಪಟ್ಟಿಯಲ್ಲಿ ಬ್ರಯರ್, ಎಲಿಮೆಂಟ್, ತ್ರೀಮಾ ಇದ್ದವು. ಬ್ರಯರ್ ಇಂಟರ್‌ನೆಟ್ ಇಲ್ಲದಾಗಲೂ ಬ್ಲೂಟೂತ್ ಮೂಲಕ ನಡೆಯುವ ಆ್ಯಪ್. ಪ್ರವಾಹದಲ್ಲಿ ಟವರ್ ಬಿದ್ದ ಊರಿನಲ್ಲಿ ಅಕ್ಕಪಕ್ಕದವರಿಗಾದರೂ ಸುದ್ದಿ ಮುಟ್ಟಿಸಲು ಅನುಕೂಲ. ಎಲಿಮೆಂಟ್ ಮುಕ್ತ ತಂತ್ರಾಂಶ. ಸಂಘಸಂಸ್ಥೆಗಳು ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದಾದದ್ದು. ಅವನ್ನು ನೆಚ್ಚಿಕೊಂಡಿದ್ದ ಸಾಮಾನ್ಯರು ಕೈ ಖಾಲಿ ಮಾಡಿಕೊಂಡರು. ಆ್ಯಪ್ ಸ್ಟೋರ್ ಬಿಟ್ಟು ಬೇರೆ ದಾರಿಯಲ್ಲಿ ಇಳಿಸಿಕೊಳ್ಳುವುದು ಗೊತ್ತಿದ್ದವರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಹೀಗೆ ತಡೆಯ ಭಾರ ಯಾವಾಗಲೂ ತಿಳಿವಳಿಕೆ ಕಡಿಮೆ ಇರುವವರ ಮೇಲೆ ಬೀಳುತ್ತದೆ. ಅಪರಾಧಿ ಆ ಗುಂಪಿನಲ್ಲಿ ಇರುವುದು ಅಪರೂಪ.

ನಮ್ಮ ಪೊಲೀಸರಿಗೆ ನಿಜವಾಗಿ ಬೇಕಿರುವುದು ವಿದೇಶಗಳಿಂದ ಮಾಹಿತಿ ತರಿಸುವ ಕೆಲಸವನ್ನು ಚುರುಕು ಮಾಡುವ ವ್ಯವಸ್ಥೆ, ಮತ್ತು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಗಳಲ್ಲಿ ಆ ಕೆಲಸ ಬಲ್ಲ ಸಿಬ್ಬಂದಿ. ಬ್ಲಾಕ್ ಆದೇಶಕ್ಕೆ ಸುದ್ದಿಯಲ್ಲಿ ಜಾಗ ಸಿಗುತ್ತದೆ. ಈ ಬೇಡಿಕೆಗೆ ಸಿಗುವುದಿಲ್ಲ.

ವಿಪಿಎನ್ ಏನು ಮುಚ್ಚುತ್ತದೆ, ಏನು ಮುಚ್ಚುವುದಿಲ್ಲ

ದೇಶದಲ್ಲಿ ವಿಪಿಎನ್ ಬಳಸುವುದನ್ನು ನಿಷೇಧಿಸುವ ಕಾನೂನು ಇಲ್ಲ. ಜಮ್ಮು-ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಆಗಾಗ ತಾತ್ಕಾಲಿಕ ನಿಷೇಧ ಹಾಕಿದ್ದಾರೆ. ಕರ್ನಾಟಕದಲ್ಲಿ ಕೂತು ವಿಪಿಎನ್ ಹಾಕಿಕೊಳ್ಳುವುದು ತಪ್ಪಲ್ಲ. ಅದರ ಮರೆಯಲ್ಲಿ ಮಾಡುವ ಅಪರಾಧ ಮಾತ್ರ ಅಪರಾಧವೇ.

ಹಾಗಾದರೆ ಗೊಂದಲ ಎಲ್ಲಿಂದ ಬಂತು? 2022ರ ಏಪ್ರಿಲ್ 28ರಂದು ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ವಿಳಾಸ, ಬಳಸುವ ಉದ್ದೇಶ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ದಾಖಲೆ ಇಡುವುದಿಲ್ಲ ಎಂಬುದೇ ಈ ಕಂಪನಿಗಳ ಬಂಡವಾಳ. ಹಾಗಾಗಿ ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ತೆಗೆದವು. ಸೇವೆ ನಿಲ್ಲಿಸಲಿಲ್ಲ. ಅಪರಾಧ ಪತ್ತೆಗೆ ದಾಖಲೆ ಇರಲಿ ಎಂದು ಮಾಡಿದ ನಿಯಮದಿಂದ, ದಾಖಲೆ ಸಿಗಬಹುದಾಗಿದ್ದ ಸರ್ವರ್‌ಗಳೇ ದೇಶ ಬಿಟ್ಟವು.

ಈಗ ಬಳಕೆದಾರರ ಕಡೆಗೆ ಬರೋಣ. ವಿಪಿಎನ್ ಜಾಹೀರಾತುಗಳು ಹೇಳುವುದರಲ್ಲಿ ಅರ್ಧ ಮಾತ್ರ ನಿಜ. ನೀವು ಯಾವ ಸೈಟ್‌ಗೆ ಹೋಗುತ್ತೀರಿ ಎಂಬುದು ವಿಪಿಎನ್ ಇಲ್ಲದಾಗ ನಿಮ್ಮ ಇಂಟರ್‌ನೆಟ್ ಕಂಪನಿಗೆ ಕಾಣುತ್ತದೆ. ವಿಪಿಎನ್ ಹಾಕಿದ ಮೇಲೆ ಅದೇ ವಿವರ ವಿಪಿಎನ್ ಕಂಪನಿಗೆ ಕಾಣುತ್ತದೆ. ಅಂದರೆ ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುತ್ತೀರಿ, ಅಷ್ಟೇ. ಗೂಗಲ್ ಖಾತೆಗೆ ಲಾಗಿನ್ ಆಗಿದ್ದರೆ ವಿಪಿಎನ್ ಇದ್ದರೂ ಗೂಗಲ್‌ಗೆ ನೀವು ಯಾರೆಂದು ಗೊತ್ತು. ನಕಲಿ ಬ್ಯಾಂಕ್ ಲಿಂಕ್ ಒತ್ತಿದರೆ ವಿಪಿಎನ್ ತಡೆಯುವ ಭರವಸೆ ಇಲ್ಲ.

ಆದ್ದರಿಂದ ಕಂಪನಿ ಯಾವುದು ಎಂಬುದೇ ಮುಖ್ಯ. ಪುಕ್ಕಟೆ ವಿಪಿಎನ್ ಬಗ್ಗೆ ಎಚ್ಚರ ಬೇಕು. ಫೇಸ್‌ಬುಕ್ 2013ರಲ್ಲಿ ಒನಾವೊ ಎಂಬ ಕಂಪನಿಯನ್ನು ಕೊಂಡಿತು. ಅದರ ಪುಕ್ಕಟೆ ವಿಪಿಎನ್ ಹಾಕಿಕೊಂಡವರು ಯಾವ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಮಾಹಿತಿ ಫೇಸ್‌ಬುಕ್‌ಗೆ ಹೋಗುತ್ತಿತ್ತು. ರಕ್ಷಣೆಗೆಂದು ಹಾಕಿಕೊಂಡದ್ದೇ ಬೇಹುಗಾರಿಕೆಗೆ ಬಳಕೆಯಾಯಿತು. ಆ್ಯಪಲ್ ಆಕ್ಷೇಪಿಸಿದ ಮೇಲೆ 2018ರಲ್ಲಿ ಅದು ಆ್ಯಪ್ ಸ್ಟೋರ್‌ನಿಂದ ಹೊರಬಿತ್ತು. ಇದಕ್ಕೆ ತದ್ವಿರುದ್ಧ ಉದಾಹರಣೆ ಸ್ವೀಡನ್‌ನ ಮುಲ್‌ವಾಡ್. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಪೊಲೀಸರು ಶೋಧ ವಾರಂಟ್ ಹಿಡಿದು ಕಚೇರಿಗೆ ಬಂದರು. ಗ್ರಾಹಕರ ದಾಖಲೆಯೇ ಇಟ್ಟಿಲ್ಲದ ಕಾರಣ ಬರಿಗೈಯಲ್ಲಿ ಹೋದರು. ಕಂಪನಿಯ ಮಾತು ನಿಜವೇ ಎಂದು ಅಳೆಯಲು ಇಂಥ ಪರೀಕ್ಷೆಗಳೇ ಒಳ್ಳೆಯ ಅಳತೆಗೋಲು. ತಾರಾ ರೇಟಿಂಗ್, ಯೂಟ್ಯೂಬ್ ಶಿಫಾರಸು ಆ ಕೆಲಸಕ್ಕೆ ಬಾರವು.

ರೈಲ್ವೆ ನಿಲ್ದಾಣದ ಅಥವಾ ಹೋಟೆಲಿನ ವೈಫೈ ಹೆಚ್ಚು ಬಳಸುವವರಿಗೆ, ವರದಿಗಾರರಿಗೆ ಒಳ್ಳೆಯ ವಿಪಿಎನ್ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಕೂತು ಕರೆಂಟ್ ಬಿಲ್ ಕಟ್ಟುವವರಿಗೆ ಅದರಿಂದ ಅಂಥ ಲಾಭವಿಲ್ಲ.

ವಾಟ್ಸ್‌ಆಪ್, ಟೆಲಿಗ್ರಾಂ, ಸಿಗ್ನಲ್

ಈ ಮೂರನ್ನೂ ಜನ ಒಂದೇ ಸಾಲಿನಲ್ಲಿ ಇಡುತ್ತಾರೆ. ಒಳಗಿನ ರಚನೆ ಮಾತ್ರ ಬೇರೆ ಬೇರೆ.

ವಾಟ್ಸ್‌ಆಪ್‌ನ ಸಂದೇಶಗಳು 2016ರಿಂದ, ಕಳಿಸಿದವರು ಮತ್ತು ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ, ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿವೆ. ಅದಕ್ಕೆ ಬಳಸುವುದು ಸಿಗ್ನಲ್‌ನವರು ರೂಪಿಸಿದ ತಂತ್ರವನ್ನೇ. ಹಾಗಾಗಿ ಮಾತಿನ ಒಳಗನ್ನು ಮೆಟಾ ಕಂಪನಿ ಓದಲಾರದು. ಆದರೆ ಯಾರು, ಯಾರೊಡನೆ, ಯಾವಾಗ, ಎಷ್ಟು ಸಲ ಎಂಬ ವಿವರ ಅದರ ಕೈಯಲ್ಲಿದೆ. ಒಬ್ಬ ಉದ್ಯೋಗಿ ರಾತ್ರಿ ಪತ್ರಕರ್ತರಿಗೆ ಕರೆ ಮಾಡಿದ್ದು ತಿಳಿದರೆ ಸಾಕು, ಮಾತಾಡಿದ್ದೇನು ಎಂದು ಕೇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು ಬಿರುಕು ಬ್ಯಾಕಪ್. ಸೆಟ್ಟಿಂಗ್ಸ್‌ನಲ್ಲಿ ನೀವಾಗಿಯೇ ಆನ್ ಮಾಡದಿದ್ದರೆ ಗೂಗಲ್ ಡ್ರೈವ್‌ನಲ್ಲಿ ಕೂರುವ ಪ್ರತಿಗೆ ಆ ಮಟ್ಟದ ರಕ್ಷಣೆ ಇರುವುದಿಲ್ಲ. ಬ್ಯಾಕಪ್‌ಗೂ ಎನ್‌ಕ್ರಿಪ್ಷನ್ ಹಾಕುವ ಆಯ್ಕೆ 2021ರಿಂದ ಇದೆ. ಅದನ್ನೂ, ಆರಂಕಿಯ ಎರಡನೇ ಹಂತದ ಪಿನ್ ಅನ್ನೂ ಇವತ್ತೇ ಹಾಕಿಕೊಳ್ಳುವುದು ಒಳ್ಳೆಯದು.

ಟೆಲಿಗ್ರಾಂ ಅತಿ ಗುಟ್ಟಿನ ಆ್ಯಪ್ ಎಂಬ ಹೆಸರು ಪಡೆದಿದೆ. ಅದರ ಸಾಮಾನ್ಯ ಚಾಟ್‌ಗಳಿಗೆ, ಗುಂಪುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇಲ್ಲವೇ ಇಲ್ಲ. ಸೀಕ್ರೆಟ್ ಚಾಟ್ ಎಂದು ಬೇರೆಯಾಗಿ ತೆರೆದರೆ ಮಾತ್ರ ಇರುತ್ತದೆ. ಹೆಸರಿಗೂ ಕೆಲಸಕ್ಕೂ ಇಷ್ಟು ಅಂತರವಿರುವ ಆ್ಯಪ್ ಇನ್ನೊಂದಿಲ್ಲ.

ಸಿಗ್ನಲ್ ಲಾಭವಿಲ್ಲದ ಸಂಸ್ಥೆ ನಡೆಸುವ ಆ್ಯಪ್. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿ ಮಾಹಿತಿ ಕೇಳಿದಾಗ ಅದರ ಬಳಿ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಗೆ ಸಂಪರ್ಕಕ್ಕೆ ಬಂದ ದಿನ. 2024ರಿಂದ ಎದುರಿನವರಿಗೆ ಫೋನ್ ನಂಬರ್ ತೋರಿಸದೆ ಯೂಸರ್‌ನೇಮ್ ಕೊಟ್ಟು ಮಾತಾಡುವ ಸೌಲಭ್ಯವೂ ಬಂದಿದೆ. ಅಪರಿಚಿತರಿಗೆ ನಂಬರ್ ಕೊಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ. ಮೂರರಲ್ಲಿ ಒಂದನ್ನು ಆರಿಸಬೇಕಾದರೆ ಸಿಗ್ನಲ್ ಅನ್ನೇ ಆರಿಸಬೇಕು. ತೊಂದರೆ ಒಂದೇ, ನಮ್ಮ ಮನೆಮಂದಿ ಎಲ್ಲ ವಾಟ್ಸ್‌ಆಪ್‌ನಲ್ಲಿದ್ದಾರೆ, ಅಲ್ವಾ? ಬೇಕಾದವರ ಜೊತೆಗಾದರೂ ಸಿಗ್ನಲ್ ಶುರು ಮಾಡಬಹುದು.

ಫೋನಿನ ಒಳಗೇ ಯಾರಾದರೂ ಹೊಕ್ಕರೆ ಈ ಯಾವ ಎನ್‌ಕ್ರಿಪ್ಷನ್ನೂ ಕೆಲಸಕ್ಕೆ ಬಾರದು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಬಗ್ಗೆ ಹೊರಬಂದ ವರದಿಗಳು ಹೇಳಿದ್ದು ಅದನ್ನೇ. ಪರದೆಯ ಮೇಲೆ ನಿಮಗೆ ಕಾಣುವುದು ಒಳಹೊಕ್ಕವನಿಗೂ ಕಾಣುತ್ತದೆ. ಅಂಥ ಅಪಾಯ ಇರುವ ಪತ್ರಕರ್ತರು, ಹೋರಾಟಗಾರರು ಐಫೋನ್‌ನ ಲಾಕ್‌ಡೌನ್ ಮೋಡ್ ಬಳಸಬಹುದು. ಉಳಿದವರು ಫೋನಿನ ಅಪ್‌ಡೇಟ್‌ಗಳನ್ನು ಮುಂದೂಡದೆ ಹಾಕಿಕೊಳ್ಳಬೇಕು. ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಸಿಮ್ ಬೈಂಡಿಂಗ್ ಮತ್ತು ಸಂಚಾರ್ ಸಾಥಿ

2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಎರಡು ಆದೇಶ ಹೊರಡಿಸಿತು. ಜನ ಇವೆರಡನ್ನೂ ಕಲಸಿಕೊಂಡಿದ್ದಾರೆ.

ಒಂದು, ಹೊಸ ಫೋನ್‌ಗಳಲ್ಲಿ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಎಂಬುದು. ಕಳೆದುಹೋದ ಫೋನ್ ಬ್ಲಾಕ್ ಮಾಡಲು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಅದು ನಿಜಕ್ಕೂ ಉಪಯುಕ್ತ. ಜನ ತಾವಾಗಿಯೇ ಇಳಿಸಿಕೊಳ್ಳಬೇಕಾದ ಆ್ಯಪ್ ಅದು. ಆದರೆ ಅಳಿಸಲಾಗದಂತೆ ಎಲ್ಲರ ಫೋನಿಗೂ ತುರುಕುವುದು ಬೇರೆ ಮಾತು. ವಿರೋಧ ಜೋರಾಯಿತು. ಬೇಡದವರು ಅಳಿಸಬಹುದು ಎಂದು ಸಚಿವರು ಹೇಳಿದರು. ಡಿಸೆಂಬರ್ 3ರಂದು ಕಡ್ಡಾಯವನ್ನೇ ಸರ್ಕಾರ ಹಿಂದಕ್ಕೆ ಪಡೆಯಿತು.

ಇನ್ನೊಂದು ಸಿಮ್ ಬೈಂಡಿಂಗ್. ಯಾವ ನಂಬರಿನಿಂದ ವಾಟ್ಸ್‌ಆಪ್, ಸಿಗ್ನಲ್, ಟೆಲಿಗ್ರಾಂ, ಅರಟೈ ಮುಂತಾದ ಆ್ಯಪ್‌ಗಳ ಖಾತೆ ತೆರೆದಿರುತ್ತೀರೋ ಆ ಸಿಮ್ ಫೋನಿನಲ್ಲಿ ಸದಾ ಇರಬೇಕು. ಕಂಪ್ಯೂಟರಿನಲ್ಲಿ ತೆರೆದ ವಾಟ್ಸ್‌ಆಪ್ ವೆಬ್ 6 ಗಂಟೆಗೊಮ್ಮೆ ಲಾಗೌಟ್ ಆಗಬೇಕು. ಆದೇಶ ಕಂಪನಿಗಳಿಗೆ 90 ದಿನಗಳ ಗಡುವು ಕೊಟ್ಟಿತು.

ಇಲಾಖೆಯ ವಾದಕ್ಕೆ ಆಧಾರವಿದೆ. ಭಾರತದ ಸಿಮ್‌ನಿಂದ ಖಾತೆ ತೆರೆದು, ಸಿಮ್ ಬಿಸಾಕಿ, ವಿದೇಶದಲ್ಲಿ ಕೂತು "ಡಿಜಿಟಲ್ ಅರೆಸ್ಟ್" ವಂಚನೆ ನಡೆಸುವವರಿದ್ದಾರೆ. ಸಿಮ್ ಇರಲೇಬೇಕೆಂದರೆ ಆ ದಾರಿ ಕಷ್ಟವಾಗುತ್ತದೆ. ವಿರೋಧಿಸುವವರ ಮಾತಿಗೂ ತೂಕವಿದೆ. ಬೇರೆಯವರ ಹೆಸರಿನಲ್ಲಿ ಸಿಮ್ ಕೊಳ್ಳುವ ದಂಧೆ ನಿಲ್ಲದಿದ್ದರೆ ವಂಚಕರು ಸಿಮ್ ಇಟ್ಟುಕೊಂಡೇ ವಂಚಿಸುತ್ತಾರೆ. ಅತ್ತ ದುಬೈಯಲ್ಲೋ ಸ್ಯಾನ್‌ಹೋಸೆಯಲ್ಲೋ ಇರುವ ಕನ್ನಡಿಗರು ಊರಿನ ನಂಬರಿನ ವಾಟ್ಸ್‌ಆಪನ್ನೇ ಇಟ್ಟುಕೊಂಡು, ಫೋನಿನಲ್ಲಿ ಅಲ್ಲಿನ ಸಿಮ್ ಹಾಕಿರುತ್ತಾರೆ. ಅವರಿಗೂ ಇಡೀ ದಿನ ಆಫೀಸಿನ ಕಂಪ್ಯೂಟರಿನಲ್ಲಿ ಚಾಟ್ ತೆರೆದಿಡುವವರಿಗೂ ಆದೇಶದ ಬಿಸಿ ನೇರವಾಗಿ ತಟ್ಟುತ್ತದೆ. ಖಾಸಗಿತನದ ಕಡೆಯಿಂದ ನೋಡಿದರೆ ಇನ್ನೂ ಒಂದು ಪರಿಣಾಮವಿದೆ. ಆಧಾರ್‌ಗೆ ಸಿಮ್, ಸಿಮ್‌ಗೆ ಫೋನ್, ಫೋನ್‌ಗೆ ಚಾಟ್ ಖಾತೆ ಹೀಗೆ ಕೊಂಡಿ ಬಿಗಿಯಾದಷ್ಟೂ, ಗುರುತು ಹೇಳದೆ ಮಾತಾಡುವ ಜಾಗ ಕಿರಿದಾಗುತ್ತದೆ.

ಕಾವೇರಿ ಪೋರ್ಟಲ್ ಕಲಿಸಿದ್ದು

ಇಷ್ಟೆಲ್ಲ ಆ್ಯಪ್‌ಗಳ ಚರ್ಚೆಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣ ಮರೆತುಹೋಗುತ್ತದೆ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಅವರು ಒಟಿಪಿ ಕೊಟ್ಟಿರಲಿಲ್ಲ. ಲಿಂಕ್ ಒತ್ತಿರಲಿಲ್ಲ. ಆಸ್ತಿ ನೋಂದಣಿ ಮಾಡಿಸಿದ್ದರು, ಅಷ್ಟೇ. ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತಿದ್ದ ಕ್ರಯಪತ್ರದ ಪ್ರತಿಗಳಲ್ಲಿ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರ್ ಇದ್ದವು. ವಂಚಕರು ಅವನ್ನು ತೆಗೆದು, ನಕಲಿ ಬೆರಳಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದರು. ಆಮೇಲೆ ಕಂದಾಯ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ನಂಬರ್ ಮರೆಮಾಡಲು ಕ್ರಮ ಕೈಗೊಂಡಿತು.

ಇಲ್ಲಿ ಪ್ರೋಟಾನ್ ಇದ್ದರೂ ವಿಪಿಎನ್ ಇದ್ದರೂ ಏನೂ ಆಗುತ್ತಿರಲಿಲ್ಲ. ಕಾಪಾಡುತ್ತಿದ್ದದ್ದು ಆಧಾರ್ ಬಯೋಮೆಟ್ರಿಕ್ ಲಾಕ್, ಅಂದರೆ ನಿಮ್ಮ ಬೆರಳಚ್ಚನ್ನು ಯಾರೂ ಬಳಸದಂತೆ ಹಾಕುವ ಬೀಗ. ಆಧಾರ್ ಪ್ರಾಧಿಕಾರದ ಸೈಟ್‌ನಲ್ಲೋ ಆ್ಯಪ್‌ನಲ್ಲೋ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಬೇಕಾದಾಗ ತಾತ್ಕಾಲಿಕವಾಗಿ ತೆಗೆಯಬಹುದು. ಲಾಡ್ಜ್‌ನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ಕೊಡಬೇಕಾದಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ನಮ್ಮ ರಾಜ್ಯದ ಹೆಚ್ಚಿನ ಮನೆಗಳಿಗೆ ವಿಪಿಎನ್‌ಗಿಂತ ಮೊದಲು ಬೇಕಾದದ್ದು ಇದು.

ಇದರ ನಂತರ ಪಾಸ್‌ವರ್ಡ್. ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಇಟ್ಟರೆ, ಎಲ್ಲೋ ಒಂದು ಸೈಟ್ ಸೋರಿದರೆ ಬ್ಯಾಂಕಿನ ಮೇಲ್ ತನಕ ದಾರಿ ಸಿಗುತ್ತದೆ. ಬೇರೆ ಬೇರೆ ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಟ್ಟುಕೊಡುವ ಬಿಟ್‌ವಾರ್ಡನ್, ಕೀಪಾಸ್‌ಎಕ್ಸ್‌ಸಿ ಎರಡೂ ಮುಕ್ತ ತಂತ್ರಾಂಶಗಳು, ಎರಡೂ ಪುಕ್ಕಟೆ. ನಿಮ್ಮ ಮೇಲ್ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ಹ್ಯಾವ್ ಐ ಬೀನ್ ಪೋನ್ಡ್ ಎಂಬ ಸೈಟ್‌ನಲ್ಲಿ ನೋಡಬಹುದು. ಸಾಧ್ಯವಿದ್ದಲ್ಲಿ ಎಸ್‌ಎಂಎಸ್ ಒಟಿಪಿಗಿಂತ ಏಜಿಸ್‌ನಂಥ ಆಥೆಂಟಿಕೇಟರ್ ಆ್ಯಪ್ (ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಆ್ಯಪ್) ಮೇಲು. ನಿಮ್ಮ ಸಿಮ್ಮನ್ನೇ ಇನ್ನೊಬ್ಬರು ನಕಲಿಯಾಗಿ ಪಡೆದರೆ ಒಟಿಪಿ ಅವರಿಗೆ ಹೋಗುತ್ತದೆ. ಆ್ಯಪ್‌ನ ಕೋಡ್ ಹೋಗುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬ್ರೌಸರ್ ಬಗ್ಗೆ ಎರಡು ಮಾತು ಸಾಕು. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿ ಮನೆಯವರಿಂದ ಮಾತ್ರ ಮರೆಮಾಡುತ್ತದೆ. ಆ ಕಿಟಕಿಯಲ್ಲಿ ನಡೆದ ಓಡಾಟದ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಅಮೆರಿಕದ ಮೊಕದ್ದಮೆಯೊಂದರ ರಾಜಿಯಲ್ಲಿ ಒಪ್ಪಬೇಕಾಯಿತು. ಜಾಹೀರಾತಿನ ಬೆನ್ನಟ್ಟುವಿಕೆ ತಡೆಯಲು ಫೈರ್‌ಫಾಕ್ಸ್ ಮತ್ತು ಅದರಲ್ಲಿ ಯುಬ್ಲಾಕ್ ಒರಿಜಿನ್ ಹಾಕಿಕೊಳ್ಳುವುದು ಒಳ್ಳೆಯ ಜೋಡಿ. ಕ್ರೋಮ್‌ನ ಹೊಸ ನಿಯಮಗಳಿಂದ ಆ ಪೂರ್ಣ ಆವೃತ್ತಿ ಅಲ್ಲಿ ನಡೆಯುವುದಿಲ್ಲ.

ಸುದ್ದಿ ತಲುಪುವ ದಾರಿಯೂ ಮುಖ್ಯ

ನಮ್ಮನ್ನು ನೋಡುವವರು ಯಾರು ಎಂಬ ಪ್ರಶ್ನೆಯ ಜೊತೆಗೇ ನಮಗೆ ಏನು ಕಾಣಿಸಲಾಗುತ್ತಿದೆ ಎಂಬ ಪ್ರಶ್ನೆಯೂ ಇದೆ. ಸಹಯೋಗ್ ತೀರ್ಪು ಮುಖ್ಯವಾಗುವುದು ಇಲ್ಲೇ.

ಪೋಸ್ಟ್ ತೆಗೆಸಲು ಕಾಯ್ದೆಯಲ್ಲಿ ಎರಡು ದಾರಿಗಳಿವೆ. 69ಎ ಸೆಕ್ಷನ್‌ನಲ್ಲಿ ಸಮಿತಿ ಇದೆ, ಕಾರಣ ಬರೆಯಬೇಕು. 79(3)(ಬಿ) ಸೆಕ್ಷನ್‌ನಲ್ಲಿ ಅಧಿಕಾರಿಯ ನೋಟಿಸ್ ಸಾಕು. ಕಂಪನಿ ತೆಗೆಯದಿದ್ದರೆ ಅದಕ್ಕೆ ಕಾನೂನಿನ ರಕ್ಷಣೆ ತಪ್ಪುತ್ತದೆ. ಸಹಯೋಗ್ ಈ ಎರಡನೇ ದಾರಿಯ ನೋಟಿಸ್‌ಗಳನ್ನು ಕಳಿಸುವ ಪೋರ್ಟಲ್. ಮೊದಲ ದಾರಿಯ ಕಟ್ಟುಪಾಡುಗಳನ್ನು ಇದು ತಪ್ಪಿಸುತ್ತದೆ ಎಂದು ಎಕ್ಸ್ ವಾದಿಸಿತು. ಸೋಷಿಯಲ್ ಮೀಡಿಯಾಕ್ಕೆ ನಿಯಂತ್ರಣ ಬೇಕೇ ಬೇಕು ಎಂದು ಹೈಕೋರ್ಟ್ ಹೇಳಿತು. ಎಕ್ಸ್ ಮೇಲ್ಮನವಿಗೆ ಹೋಯಿತು. ಅಕ್ಟೋಬರ್‌ನಲ್ಲಿ ಕೇಂದ್ರ ನಿಯಮ ತಿದ್ದಿ, ಇಂಥ ನೋಟಿಸ್ ಕೊಡುವವರು ಜಂಟಿ ಕಾರ್ಯದರ್ಶಿ ಅಥವಾ ಪೊಲೀಸರಲ್ಲಾದರೆ ಡಿಐಜಿ ದರ್ಜೆಗಿಂತ ಕೆಳಗಿರಬಾರದು ಎಂದಿತು. ಅದು ನವೆಂಬರ್ 15ರಿಂದ ಜಾರಿಗೆ ಬಂತು.

ಓದುಗರಿಗೆ ಇದರ ಪರಿಣಾಮ ಸರಳ. ನಿಮ್ಮ ಫೀಡಿನಲ್ಲಿ ಇರಬೇಕಿದ್ದದ್ದು ಇಲ್ಲದಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದೇ ಫೀಡನ್ನು ನಂಬಿ ಕೂರಬಾರದು. ನಂಬಿಕೆಯ ಪತ್ರಿಕೆಗಳನ್ನು, ಸೈಟ್‌ಗಳನ್ನು, ಅವುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಆರ್‌ಎಸ್‌ಎಸ್ ರೀಡರ್ ಆ್ಯಪ್‌ನಲ್ಲಿ ನೀವೇ ಸೇರಿಸಿಕೊಂಡರೆ ನಡುವೆ ಯಾವ ಅಲ್ಗಾರಿದಂ ಬರುವುದಿಲ್ಲ. ಆಂಡ್ರಾಯ್ಡ್‌ಗೆ ಫೀಡರ್, ಐಫೋನ್‌ಗೆ ನೆಟ್‌ನ್ಯೂಸ್‌ವೈರ್ ಇವೆ. ಎರಡೂ ಪುಕ್ಕಟೆ.

ಕಾನೂನು ಆದೇಶಗಳ ಬಗ್ಗೆ ಗೊಂದಲವಾದಾಗ ಮೂಲ ಓದುವುದೇ ದಾರಿ. ಗೆಜೆಟ್ ಸೈಟ್‌ನಲ್ಲಿ ನಿಯಮಗಳು ಸಿಗುತ್ತವೆ. ಮಸೂದೆಗಳ ಸರಳ ಸಾರಾಂಶಕ್ಕೆ ಪಿಆರ್‌ಎಸ್ ಎಂಬ ಸಂಶೋಧನಾ ಸಂಸ್ಥೆ ಇದೆ. ಡಿಜಿಟಲ್ ಹಕ್ಕುಗಳ ಬಗ್ಗೆ ಇಂಟರ್‌ನೆಟ್ ಫ್ರೀಡಂ ಫೌಂಡೇಶನ್, ಇಂಟರ್‌ನೆಟ್ ಸ್ಥಗಿತದ ಲೆಕ್ಕಕ್ಕೆ ಎಸ್‌ಎಫ್‌ಎಲ್‌ಸಿ, ಸಂಶೋಧನೆಗೆ 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ನೋಡಬಹುದು. ಇವರಿಗೆ ತಮ್ಮದೇ ನಿಲುವಿದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಬೇಕು. ಯಾವ ಸೈಟ್ ಎಲ್ಲಿ ಬ್ಲಾಕ್ ಆಗಿದೆ ಎಂದು ಅಳೆಯಲು ಊನಿ ಎಂಬ ಆ್ಯಪ್ ಇದೆ. ಹರಿದಾಡುವ ಫೋಟೊ, ವಿಡಿಯೊಗಳ ಪರಿಶೀಲನೆಗೆ ನ್ಯೂಸ್‌ಚೆಕರ್, ನ್ಯೂಸ್‌ಮೀಟರ್ ಕನ್ನಡದಲ್ಲೇ ಬರೆಯುತ್ತವೆ. ಒಟ್ಟಾರೆ ದೊಡ್ಡ ಕೊರತೆ ಎಂದರೆ, ಖಾಸಗಿತನದ ಸಾಧನಗಳನ್ನು ವಿವರಿಸುವ ಬರಹ ಹೆಚ್ಚಿನದು ಇಂಗ್ಲಿಷ್‌ನಲ್ಲೇ ಇದೆ. ಹೆಚ್ಚು ಮೋಸ ಹೋಗುವವರಿಗೆ ಅದು ತಲುಪುವುದೇ ಇಲ್ಲ.

ಡೇಟಾ ಕಾನೂನು ಬಂತು, ಮಾಹಿತಿ ಹಕ್ಕಿಗೆ ಏನಾಯಿತು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದ 6 ವರ್ಷಕ್ಕೆ, 2023ರ ಆಗಸ್ಟ್‌ನಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳಿಗೆ 2025ರ ನವೆಂಬರ್ ತನಕ ಕಾಯಬೇಕಾಯಿತು.

ಕಾಯ್ದೆಯ ಪ್ರಕಾರ ಕಂಪನಿಗಳು ಒಪ್ಪಿಗೆ ಪಡೆದು ಡೇಟಾ ಬಳಸಬೇಕು. ಸೋರಿಕೆಯಾದರೆ ನಿಮಗೆ ತಿಳಿಸಬೇಕು. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದರೆ ಈ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಅಂದರೆ 2027ರ ಮೇವರೆಗೆ. ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಕಾಯ್ದೆಯಿಂದ ಹೊರಗಿಡಲೂ ಅವಕಾಶವಿದೆ.

ಕಾಲಾವಕಾಶವಿಲ್ಲದೆ ಕೂಡಲೇ ಜಾರಿಗೆ ಬಂದದ್ದು ಇನ್ನೊಂದು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್‌ಗೆ ತಿದ್ದುಪಡಿ. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ, ಅಥವಾ ಅದು ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುತ್ತದೆ ಎಂದು ಅಧಿಕಾರಿ ತೋರಿಸಬೇಕಿತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡುವ 8(2) ಸೆಕ್ಷನ್ ಹಾಗೇ ಇದೆಯಲ್ಲ ಎಂಬುದು ಸರ್ಕಾರದ ಉತ್ತರ. ಅದು ನಿಜ. ಆದರೆ 8(2)ರಲ್ಲಿ ಕೊಡುವ ನಿರ್ಧಾರ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಹೊರೆ ಅರ್ಜಿದಾರರ ಹೆಗಲಿಗೆ ಬಂದಿದೆ.

ಪರಿಣಾಮ ಕಾಣುವುದು ಗ್ರಾಮ ಪಂಚಾಯ್ತಿಯ ಮಟ್ಟದಲ್ಲಿ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಯಲ್ಲೂ ಕೂಲಿ ಹಾಜರಾತಿಯಲ್ಲೂ ಇರುವುದು ಹೆಸರುಗಳೇ. ಹೆಸರೂ ವೈಯಕ್ತಿಕ ಮಾಹಿತಿ ಎಂದು ಒಬ್ಬ ಅಧಿಕಾರಿ ಹೇಳಿಬಿಟ್ಟರೆ, ಸತ್ತವರ ಹೆಸರಿನಲ್ಲಿ ಹಣ ತೆಗೆದದ್ದನ್ನು ಹಿಡಿಯುವುದು ಹೇಗೆ? ಜಮೀನಿನ ಕ್ರಯಪತ್ರದಲ್ಲಿ ಹೆಬ್ಬೆಟ್ಟು ಮುಚ್ಚುವುದು ಬೇಕಾದ ಕೆಲಸ. ಪಟ್ಟಿಯಲ್ಲಿ ಹೆಸರು ಮುಚ್ಚುವುದು ಬೇಡದ ಕೆಲಸ. ಇವೆರಡರ ನಡುವೆ ಗೆರೆ ಎಲ್ಲಿ ಎಂದು ತಿದ್ದಿದ ಸೆಕ್ಷನ್ ಹೇಳುವುದಿಲ್ಲ. ಅದನ್ನು ಇನ್ನು ಮುಂದೆ ಒಂದೊಂದೇ ಮೇಲ್ಮನವಿಯಲ್ಲಿ ಮಾಹಿತಿ ಆಯೋಗವೂ ಕೋರ್ಟುಗಳೂ ಎಳೆಯಬೇಕಾಗುತ್ತದೆ. ಅಲ್ಲಿಯವರೆಗೆ ಅರ್ಜಿ ಹಾಕುವವರು 8(2) ಸೆಕ್ಷನ್ ಹೆಸರಿಸಿ, ಈ ಮಾಹಿತಿಯಿಂದ ಸಾರ್ವಜನಿಕರಿಗೆ ಆಗುವ ಉಪಯೋಗ ಏನೆಂದು ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು.